ಜಾಲತಾಣಗಳೂ ಪರಸ್ಥಳದವರ ವಿಷಯದಲ್ಲಿ ನಮ್ಮ ಅಭಿಪ್ರಾಯವೂ

ಈ ಸ್ಮರಣ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಹುಟ್ಟಿದ ಊರಿನಲ್ಲಿಯೇ ನೆಲೆಸಿರುವವರು ಕೆಲವರೇ ಸರಿ. ವಿವಾಹವಾಗಿ ಬೇರೆ ಜಿಲ್ಲೆಯ ಮನೆಗೆ ಹೋದವರು ಉಂಟು. ಉಪಾಧ್ಯಾಯಿನಿಯರಾಗಿ ದೂರದ ಪಟ್ಟಣಗಳನ್ನು ಸೇರಿದವರು ಉಂಟು. ದಾದಿಯರ ವೃತ್ತಿಯನ್ನು ಕೈಕೊಂಡು ಸಮುದ್ರದಾಚೆಯ ಆಸ್ಪತ್ರೆಗಳಲ್ಲಿ ಸೇವೆ ಮಾಡುತ್ತಿರುವವರೂ ಉಂಟು. ಆದಕಾರಣ ವಲಸೆ ಎಂಬದು ಯಾರೋ ಬಡವರ, ಯಾರೋ ಪರದೇಶಿಗಳ ಸಂಗತಿಯೆಂದು ನಾವು ಭಾವಿಸುವದು ಸರಿಯಲ್ಲ. 2011ನೆಯ ಇಸವಿಯ ಜನಗಣತಿಯ ಪ್ರಕಾರ, ಹಿಂದೆ ವಾಸವಾಗಿದ್ದ ಸ್ಥಳವನ್ನು ಬಿಟ್ಟು ಬೇರೊಂದು ಸ್ಥಳದಲ್ಲಿ ನೆಲೆಸಿದ್ದವರು ನಮ್ಮ ದೇಶದಲ್ಲಿ ಸುಮಾರು 45 ಕೋಟಿ ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸ್ತ್ರೀಯರು. ಅವರು ಸ್ಥಳ ಬಿಟ್ಟದ್ದಕ್ಕೆ ಮುಖ್ಯ ಕಾರಣವು ವಿವಾಹ. ಒಂದು ರಾಜ್ಯವನ್ನು ಬಿಟ್ಟು ಇನ್ನೊಂದು ರಾಜ್ಯಕ್ಕೆ ಬಂದವರಾದರೋ ಸುಮಾರು ಐದೂವರೆ ಕೋಟಿ ಮಾತ್ರ. ಹೀಗಿದ್ದರೂ 'ವಲಸೆ ಬಂದವರು' ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರವು ತವರನ್ನು ಬಿಟ್ಟು ಬಂದ ಸೊಸೆಯದಲ್ಲ. ಬೇರೆ ಭಾಷೆಯನ್ನಾಡುವ ಅಪರಿಚಿತ ಗಂಡಸಿನದು. ಈ ಚಿತ್ರವನ್ನು ನಮ್ಮ ಮನಸ್ಸಿನಲ್ಲಿ ಬರೆದವರು ಯಾರು? ಈಚಿನ ವರ್ಷಗಳಲ್ಲಿ ಅದಕ್ಕೆ ಬಣ್ಣ ತುಂಬುತ್ತಿರುವ ಸಾಧನವು ಯಾವದು? ಇದನ್ನು ಸ್ವಲ್ಪ ವಿಚಾರಿಸುವದೇ ಈ ಲೇಖನದ ಉದ್ದೇಶ.

ಪರಸ್ಥಳದವರ ಮೇಲಣ ಸಂಶಯವು ಜಾಲತಾಣಗಳಿಂದ ಹುಟ್ಟಿದ್ದಲ್ಲವೆಂಬದನ್ನು ಮೊದಲು ಒಪ್ಪಿಕೊಳ್ಳಬೇಕು. ಅದು ಮನುಷ್ಯನಷ್ಟೇ ಹಳೆಯದು. ಮುದ್ರಣವು ಮಾತ್ರವೇ ಇದ್ದ ಕಾಲದಲ್ಲಿಯೂ ಅದನ್ನು ಬೆಳೆಸಿದವರು ಇದ್ದರು. ಇದಕ್ಕೆ ಕನ್ನಡಿಗರಿಗೆ ಸಂಬಂಧಪಟ್ಟ ಒಂದು ನಿದರ್ಶನವೇ ಇದೆ. 1960ರಲ್ಲಿ ಮುಂಬಯಿಯಲ್ಲಿ ಬಾಳ ಠಾಕ್ರೆಯವರು 'ಮಾರ್ಮಿಕ್' ಎಂಬ ಮರಾಠಿ ವಾರಪತ್ರಿಕೆಯನ್ನು ಹೊರಡಿಸಿದರು. ಅಲ್ಲಿಯ ದೊಡ್ಡ ಕಚೇರಿಗಳಲ್ಲಿಯೂ ಕಂಪೆನಿಗಳಲ್ಲಿಯೂ ಅಧಿಕಾರದಲ್ಲಿದ್ದವರ ಹೆಸರುಗಳ ಪಟ್ಟಿಗಳನ್ನು ಆ ಪತ್ರಿಕೆಯು ಅಚ್ಚು ಹಾಕಿ, ಅವುಗಳಲ್ಲಿ ದಕ್ಷಿಣದವರ ಹೆಸರುಗಳು ಎಷ್ಟಿವೆಯೆಂದು ಓದುಗರಿಗೆ ತೋರಿಸುತ್ತಿತ್ತು. ಪಟ್ಟಿಯಲ್ಲಿದ್ದ ಹೆಸರುಗಳು ಸುಳ್ಳಾಗಿರಲಿಲ್ಲ. ಆದರೆ ಆ ಹೆಸರುಗಳನ್ನು ಒಂದೆಡೆ ಕೂಡಿಸಿ ತೋರಿಸಿದ ರೀತಿಯು ಓದಿದವನಲ್ಲಿ ತನ್ನ ಅನ್ನವನ್ನು ಇವರು ಕಿತ್ತುಕೊಂಡರೆಂಬ ಭಾವನೆಯನ್ನು ಹುಟ್ಟಿಸಿತು. 1966ರಲ್ಲಿ ಶಿವಸೇನೆಯು ಸ್ಥಾಪಿತವಾದ ಮೇಲೆ ಉಡುಪಿಯ ಕಡೆಯವರ ಹೊಟೇಲುಗಳು ಕಲ್ಲೇಟಿಗೆ ಗುರಿಯಾದವು. ಅಂದು ನಮ್ಮವರೇ ಪರಸ್ಥಳದವರಾಗಿದ್ದರು. ಸುಳ್ಳು ಹೇಳದೆಯೂ ದ್ವೇಷವನ್ನು ಬೆಳೆಸಬಹುದು ಎಂಬ ಪಾಠವನ್ನು ಇದರಿಂದ ಕಲಿಯಬೇಕು.

ಹಾಗಾದರೆ ಫೇಸ್‌ಬುಕ್, ವಾಟ್ಸ್‌ಆ್ಯಪ್, ಯೂಟ್ಯೂಬ್ ಮೊದಲಾದವುಗಳಿಂದ ಹೊಸದಾಗಿ ಬಂದ ವ್ಯತ್ಯಾಸವೇನು? ಅದನ್ನು ನಾಲ್ಕು ಭಾಗವಾಗಿ ಹೇಳಬಹುದು.

ಮೊದಲನೆಯದು, ಸಂಪಾದಕನ ಅಭಾವ. ವೃತ್ತಪತ್ರಿಕೆಯು ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅದರಲ್ಲಿ ಬರೆದದ್ದಕ್ಕೆ ಉತ್ತರ ಹೇಳತಕ್ಕ ಒಬ್ಬನ ಹೆಸರು ಅದರಲ್ಲಿಯೇ ಅಚ್ಚಾಗಿರುತ್ತದೆ. ಕೈಯಿಂದ ಕೈಗೆ ದಾಟಿ ಬಂದ ಸಂದೇಶಕ್ಕೆ ಅಂಥ ಒಡೆಯನಿಲ್ಲ.

ಎರಡನೆಯದು, ಪದಾರ್ಥಗಳನ್ನು ಬಡಿಸುವ ಕ್ರಮ. ಜಾಲತಾಣದ ಪುಟವನ್ನು ತೆರೆದಾಗ ನಮ್ಮ ಕಣ್ಣಿಗೆ ಬೀಳುವದು ಹೊಸ ಸುದ್ದಿಯೂ ಅಲ್ಲ, ಮುಖ್ಯ ಸುದ್ದಿಯೂ ಅಲ್ಲ. ನಾವು ಯಾವದನ್ನು ಕಂಡರೆ ಹೆಚ್ಚು ಹೊತ್ತು ನಿಂತು ನೋಡುವೆವೋ, ಯಾವದಕ್ಕೆ ಉತ್ತರ ಬರೆಯುವೆವೋ, ಯಾವದನ್ನು ಇತರರಿಗೆ ಕಳುಹಿಸುವೆವೋ ಅದನ್ನು ಯಂತ್ರವು ಎಣಿಸಿ ಅಂಥದನ್ನೇ ಮುಂದಿಡುತ್ತದೆ. ಫೇಸ್‌ಬುಕ್ ಸಂಸ್ಥೆಯು 2017ರಿಂದ ಕೆಲವು ಕಾಲದ ವರೆಗೆ, ಓದುಗನು ಒತ್ತಿದ ಸಾಧಾರಣ ಮೆಚ್ಚಿಗೆಯ ಗುರುತಿಗಿಂತ ಕೋಪವೇ ಮೊದಲಾದ ಭಾವಗಳ ಗುರುತುಗಳಿಗೆ ಐದರಷ್ಟು ತೂಕವನ್ನು ಕೊಟ್ಟಿತ್ತೆಂದು 2021ರಲ್ಲಿ ಬೈಲಾದ ಅದರ ಒಳಗಿನ ಕಾಗದಪತ್ರಗಳಿಂದ ತಿಳಿದುಬಂತು. ಕೋಪದ ಗುರುತಿನ ತೂಕವನ್ನು ಆ ಸಂಸ್ಥೆಯು 2020ರಲ್ಲಿ ತೆಗೆದುಹಾಕಿತು. ಯಂತ್ರಕ್ಕೆ ಪರಸ್ಥಳದವನ ಮೇಲೆ ಹಗೆಯಿಲ್ಲ. ಆದರೆ ಪರಸ್ಥಳದವನ ಕುರಿತಾದ ಭಯದ ಕಥೆಯು ಮನುಷ್ಯನನ್ನು ಬೇಗನೆ ಕೆರಳಿಸುವದರಿಂದ, ಕೆರಳಿದವರನ್ನು ಎಣಿಸುವ ಯಂತ್ರವು ತಾನಾಗಿಯೇ ಆ ಕಥೆಯನ್ನು ಎತ್ತರದಲ್ಲಿ ಕೂರಿಸುತ್ತದೆ.

ಮೂರನೆಯದು, ಕಳುಹಿಸಿದವರ ಮೇಲಣ ವಿಶ್ವಾಸ. ಕುಟುಂಬದವರು, ನೆರೆಯವರು, ಹಳೆಯ ಸಹಪಾಠಿಗಳು ಕೂಡಿಕೊಂಡಿರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಮಾತು ಬಂದರೆ, ಅದನ್ನು ಮೊದಲು ಬರೆದವನು ಯಾರೆಂದು ನಾವು ಕೇಳುವದಿಲ್ಲ. ಚಿಕ್ಕಮ್ಮನವರು ಕಳುಹಿಸಿದ್ದಾರೆ, ಸುಳ್ಳಿರಲಾರದು ಎಂದುಕೊಳ್ಳುವೆವು. ಚಿಕ್ಕಮ್ಮನವರ ಮರ್ಯಾದೆಯು ಕಾಣದವನೊಬ್ಬನ ಮಾತಿಗೆ ಸಾಲವಾಗಿ ಹೋಗುತ್ತದೆ.

ನಾಲ್ಕನೆಯದು, ತಾರೀಖಿಲ್ಲದ ಚಿತ್ರ. ಬರೆದ ಮಾತನ್ನು ಜನರು ಸಂಶಯಿಸಬಹುದು, ಆದರೆ ಚಿತ್ರವನ್ನು ಕಣ್ಣಾರೆ ಕಂಡೆವೆನ್ನುವರು. ಒಂದು ದೇಶದಲ್ಲಿ ಒಂದು ವರ್ಷ ತೆಗೆದ ಚಿತ್ರವನ್ನು ಇನ್ನೊಂದು ದೇಶದ ಇಂದಿನ ಸಂಗತಿಯೆಂದು ಹೇಳಿ ಹಂಚುವದು ಬಹಳ ಸುಲಭ.

ಈ ನಾಲ್ಕೂ ಕೂಡಿ ಏನನ್ನು ಮಾಡಬಲ್ಲವೆಂಬದನ್ನು ಬೆಂಗಳೂರು ಪಟ್ಟಣವು 2012ರ ಆಗಸ್ಟ್ ತಿಂಗಳಲ್ಲಿ ಕಂಡಿತು. ಆ ವರ್ಷದ ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಮುಂತಾದ ಜಿಲ್ಲೆಗಳಲ್ಲಿ ಬೋಡೋ ಜನರಿಗೂ ಬಂಗಾಳಿ ಮಾತಾಡುವ ಮುಸಲ್ಮಾನರಿಗೂ ಘೋರವಾದ ಕಲಹ ನಡೆದು, ಎಪ್ಪತ್ತಕ್ಕಿಂತ ಹೆಚ್ಚು ಜನರು ಸತ್ತು, ಸುಮಾರು ನಾಲ್ಕು ಲಕ್ಷ ಜನರು ಮನೆಮಠಗಳನ್ನು ಬಿಟ್ಟು ಶಿಬಿರಗಳನ್ನು ಸೇರಿದರು. ಅದೇ ಕಾಲದಲ್ಲಿ ಬರ್ಮಾ ದೇಶದ ಕಲಹದ ಚಿತ್ರಗಳೆಂದು ಹೇಳಿ ಅನೇಕ ಭಯಂಕರ ಚಿತ್ರಗಳು ಜಾಲತಾಣಗಳಲ್ಲಿ ಸಂಚರಿಸಿದವು. ಅವುಗಳಲ್ಲಿ ಒಂದು, ಹೆಣಗಳ ನಡುವೆ ಬೌದ್ಧ ಸನ್ಯಾಸಿಗಳು ನಿಂತಿರುವ ಚಿತ್ರ. ನಿಜವಾಗಿ ಅದು 2010ರಲ್ಲಿ ಟಿಬೆಟಿನ ಪ್ರಾಂತದಲ್ಲಿ ಭೂಕಂಪವಾದಾಗ ಸತ್ತವರಿಗೆ ಸನ್ಯಾಸಿಗಳು ಅಂತ್ಯಸಂಸ್ಕಾರ ಮಾಡಲು ಬಂದದ್ದರ ಚಿತ್ರ. ದಯೆಯ ಕಾರ್ಯವನ್ನೇ ಕೊಲೆಯ ಸಾಕ್ಷಿಯನ್ನಾಗಿ ಮಾಡಲಾಯಿತು.

ಈ ಚಿತ್ರಗಳಿಂದ ಕೆರಳಿದ ಮನಸ್ಸುಗಳ ನಡುವೆ ಇನ್ನೊಂದು ಮಾತು ಹಬ್ಬಿತು. ಅದೇನಂದರೆ, ರಂಜಾನ್ ಹಬ್ಬವು ಮುಗಿಯುತ್ತಲೇ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯುವದೆಂಬ ಸಂದೇಶ. ಆಗಸ್ಟ್ 14ರಂದು ಮೈಸೂರಿನಲ್ಲಿ ಟಿಬೆಟ್ ಮೂಲದ ವಿದ್ಯಾರ್ಥಿಯೊಬ್ಬನನ್ನು ಇರಿದ ಸಂಗತಿಯು ನಿಜವಾಗಿ ನಡೆದಿತ್ತು. ಆ ಒಂದು ನಿಜವು ನೂರು ಸುಳ್ಳುಗಳಿಗೆ ಹೊಣೆಯಾಯಿತು. 15ನೆಯ ತಾರೀಖು, ದೇಶವು ಸ್ವಾತಂತ್ರ್ಯೋತ್ಸವವನ್ನು ಆಚರಿಸಿದ ದಿನವೇ, ಸಾಯಂಕಾಲದಿಂದ ಬೆಂಗಳೂರಿನ ರೈಲು ನಿಲ್ದಾಣವು ಪೆಟ್ಟಿಗೆಗಳನ್ನೂ ಚೀಲಗಳನ್ನೂ ಹೊತ್ತ ತರುಣ ತರುಣಿಯರಿಂದ ತುಂಬಿಹೋಯಿತು. ಹೊಟೇಲುಗಳಲ್ಲಿ ಬಡಿಸುತ್ತಿದ್ದವರು, ಕೇಶಾಲಂಕಾರದ ಅಂಗಡಿಗಳಲ್ಲಿ ಕೆಲಸಮಾಡುತ್ತಿದ್ದ ಹೆಣ್ಣುಮಕ್ಕಳು, ಕಾವಲುಗಾರರು, ಕಾಲೇಜು ವಿದ್ಯಾರ್ಥಿಗಳು, ಎಲ್ಲರೂ ಅವರಲ್ಲಿದ್ದರು. ಆ ಒಂದು ದಿನವೇ ಗುವಾಹಟಿಯ ಕಡೆಗೆ ಆರು ಸಾವಿರಕ್ಕಿಂತ ಹೆಚ್ಚು ಟಿಕೇಟುಗಳು ಮಾರಾಟವಾಗಿ, ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೆಲವೇ ದಿನಗಳಲ್ಲಿ ಸುಮಾರು ಮೂವತ್ತು ಸಾವಿರ ಜನರು ಪಟ್ಟಣವನ್ನು ಬಿಟ್ಟರು. ಅಂದಿನ ಗೃಹಮಂತ್ರಿಗಳಾದ ಆರ್. ಅಶೋಕರವರು ನಿಲ್ದಾಣಕ್ಕೆ ಹೋಗಿ ಧೈರ್ಯ ಹೇಳಿದರು. ಮುಸಲ್ಮಾನ ಮುಖಂಡರೂ ಅಭಯದ ಮಾತಾಡಿದರು. ಆದರೂ ಜನರು ನಿಲ್ಲಲಿಲ್ಲ. ಯಾಕಂದರೆ ಎದುರಿಗೆ ನಿಂತ ಮಂತ್ರಿಯ ಮಾತಿಗಿಂತ ಊರಿನಿಂದ ತಾಯಿಯು ಅಳುತ್ತಾ ಮಾಡಿದ ಫೋನಿನ ಕರೆಯು ಅವರಿಗೆ ದೊಡ್ಡದಾಗಿತ್ತು. ಆ ತಾಯಿಯಾದರೋ ದೂರದ ಅಸ್ಸಾಮಿನಲ್ಲಿದ್ದು, ಬೆಂಗಳೂರನ್ನು ಎಂದೂ ಕಾಣದೆ, ಬಂದ ಸಂದೇಶವನ್ನೇ ನಂಬಿದ್ದಳು.

ಬಳಿಕ ಕೇಂದ್ರ ಸರಕಾರವು ಒಟ್ಟೊಟ್ಟಾಗಿ ಸಂದೇಶಗಳನ್ನು ಕಳುಹಿಸುವದನ್ನು ಹದಿನೈದು ದಿವಸ ನಿಷೇಧಿಸಿ, ಒಬ್ಬನು ಒಂದು ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶಗಳನ್ನು ಕಳುಹಿಸಕೂಡದೆಂದು ಮಿತಿ ಹಾಕಿತು. ತರುವಾಯ ಆ ಮಿತಿಯನ್ನು ಇಪ್ಪತ್ತಕ್ಕೆ ಏರಿಸಿತು. ಜಾಲದ ನೂರಾರು ಪುಟಗಳನ್ನು ಮುಚ್ಚಿಸಿತು. ಸಂದೇಶದಲ್ಲಿ ಹೇಳಿದಂಥ ಹತ್ಯಾಕಾಂಡವು ಬೆಂಗಳೂರಿನಲ್ಲಿ ನಡೆಯಲೇ ಇಲ್ಲ. ಆದರೆ ಕೆಲಸವನ್ನೂ ಓದನ್ನೂ ಬಿಟ್ಟು ಮೂರು ಸಾವಿರ ಕಿಲೋಮೀಟರುಗಳಷ್ಟು ದೂರ ರೈಲಿನಲ್ಲಿ ಕೂತುಕೊಂಡು ಹೋದವರ ಕಷ್ಟವು ನಿಜವಾಗಿತ್ತು.

ಇಲ್ಲಿ ಭಯಪಟ್ಟವರು ಬಂದವರು. ಇನ್ನು, ಊರಿನವರೇ ಭಯಪಟ್ಟಾಗ ಏನಾಗುವದೆಂಬದನ್ನು 2018ರಲ್ಲಿ ಕಂಡೆವು. ಮಕ್ಕಳನ್ನು ಕದಿಯುವವರು ಬಂದಿದ್ದಾರೆಂಬ ಸಂದೇಶವು ಆ ವರ್ಷ ಅನೇಕ ರಾಜ್ಯಗಳಲ್ಲಿ ಸಂಚರಿಸಿತು. ಅದರೊಂದಿಗೆ ಬಂದ ಒಂದು ಚಲಚ್ಚಿತ್ರದಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಮಗುವೊಂದನ್ನು ಎತ್ತಿಕೊಂಡು ಹೋಗುವದು ಕಾಣುತ್ತಿತ್ತು. ನಿಜದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ, ತಾಯಿತಂದೆಗಳು ಎಚ್ಚರದಿಂದಿರಬೇಕೆಂದು ಬೋಧಿಸುವದಕ್ಕೆ ನಟರಿಂದ ಮಾಡಿಸಿದ ಚಿತ್ರ. ಕೊನೆಯಲ್ಲಿ ಮಗುವನ್ನು ಹಿಂದಕ್ಕೆ ತಂದೊಪ್ಪಿಸುವ ಭಾಗವನ್ನು ಯಾರೋ ಕತ್ತರಿಸಿಬಿಟ್ಟಿದ್ದರು. ಅದೇ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೂಲಿಗಾಗಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನರು ಕಟ್ಟಿ ಹೊಡೆದು ಕೊಂದರು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಸ್ನೇಹಿತರೊಡನೆ ಬಂದಿದ್ದ ಇಂಜಿನಿಯರನೊಬ್ಬನು ಅದೇ ಸಂಶಯಕ್ಕೆ ಬಲಿಯಾದನು. ಅವರಲ್ಲಿ ಒಬ್ಬರು ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಸಂಶಯಕ್ಕೆ ಕಾರಣವಾಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು, ಬಂದ ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಕೂಡದೆಂದು ಮಿತಿಯನ್ನು ಗೊತ್ತುಮಾಡಿತು.

2023ರ ಮಾರ್ಚ್ ತಿಂಗಳಲ್ಲಿ ನೆರೆಯ ತಮಿಳುನಾಡಿನಲ್ಲಿ ಬಿಹಾರದ ಕೂಲಿಗಾರರನ್ನು ಕೊಲ್ಲುತ್ತಿದ್ದಾರೆಂಬ ಚಲಚ್ಚಿತ್ರಗಳು ಹರಡಿದವು. ತಮಿಳುನಾಡಿನ ಪೋಲೀಸು ಮುಖ್ಯಾಧಿಕಾರಿಗಳು ವಿಚಾರಿಸಿ, ಒಂದು ಚಿತ್ರವು ತಿರುಪ್ಪೂರಿನಲ್ಲಿ ಬಿಹಾರದ ಕೂಲಿಗಾರರ ಎರಡು ಗುಂಪುಗಳೊಳಗೇ ನಡೆದ ಜಗಳದ್ದೆಂದೂ, ಇನ್ನೊಂದು ಕೊಯಮುತ್ತೂರಿನಲ್ಲಿ ಸ್ಥಳೀಯರಿಬ್ಬರ ನಡುವೆ ನಡೆದ ಜಗಳದ್ದೆಂದೂ ಪ್ರಕಟಪಡಿಸಿದರು. ಬಿಹಾರ ಸರಕಾರವು ತನ್ನ ಅಧಿಕಾರಿಗಳನ್ನು ಕಳುಹಿಸಿ ನಿಜವನ್ನು ಪರೀಕ್ಷಿಸಿತು. ಹನ್ನೊಂದು ವರ್ಷಗಳ ಅಂತರದಲ್ಲಿ ಅದೇ ಕಥೆಯು ಬೇರೆ ಜನರ ಹೆಸರಿನಲ್ಲಿ ಮರಳಿ ಬಂತು.

ಜಾಲತಾಣಗಳು ಕೇವಲ ಕನ್ನಡಿಯಂತೆ ಇದ್ದ ದ್ವೇಷವನ್ನು ತೋರಿಸುತ್ತವೆಯೇ ಹೊರತು ಅದನ್ನು ಹೆಚ್ಚಿಸುವದಿಲ್ಲವೆಂದು ಕೆಲವರು ವಾದಿಸಬಹುದು. ಇದು ವಿಚಾರಿಸತಕ್ಕ ಮಾತೇ. ಇದಕ್ಕೆ ಜರ್ಮನಿ ದೇಶದಿಂದ ಒಂದು ಉತ್ತರ ಸಿಕ್ಕಿದೆ. ಸಿರಿಯಾ ಮೊದಲಾದ ದೇಶಗಳ ಯುದ್ಧದಿಂದ ಓಡಿಬಂದ ಸುಮಾರು ಎಂಟು ಲಕ್ಷ ತೊಂಬತ್ತು ಸಾವಿರ ಜನರು 2015ರಲ್ಲಿ ಜರ್ಮನಿಯಲ್ಲಿ ಆಶ್ರಯವನ್ನು ಕೋರಿದರು. ಕಾರ್ಸ್ಟನ್ ಮ್ಯೂಲರ್, ಕಾರ್ಲೋ ಶ್ವಾರ್ಟ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆ ಕಾಲದಲ್ಲಿ ಆಶ್ರಿತರ ಮೇಲೆ ನಡೆದ ಹಲ್ಲೆಗಳನ್ನು ಊರು ಊರಾಗಿ ಲೆಕ್ಕಹಾಕಿದರು. ಫೇಸ್‌ಬುಕ್‌ನಲ್ಲಿ ಆಶ್ರಿತರ ವಿರೋಧದ ಮಾತು ಹೆಚ್ಚಿದ ವಾರಗಳಲ್ಲಿ, ಅದನ್ನು ಹೆಚ್ಚಾಗಿ ಉಪಯೋಗಿಸುವ ಊರುಗಳಲ್ಲಿ ಹಲ್ಲೆಗಳೂ ಹೆಚ್ಚಾಗುತ್ತಿದ್ದವು. ಇಷ್ಟರಿಂದಲೇ ಕಾರಣವು ಸಿದ್ಧವಾಗಲಿಲ್ಲ. ಯಾಕಂದರೆ ಆ ಊರುಗಳು ಬೇರೆ ಕಾರಣದಿಂದಲೂ ಹಾಗಿರಬಹುದು. ಆದರೆ ಯಂತ್ರದ ಕೆಡುಕಿನಿಂದ ಜಾಲದ ಸಂಪರ್ಕವೋ ಫೇಸ್‌ಬುಕ್ಕೋ ನಿಂತುಹೋದ ದಿನಗಳಲ್ಲಿ ಆ ವ್ಯತ್ಯಾಸವು ಅಡಗಿಹೋಗುತ್ತಿತ್ತು. ಊರು ಅದೇ, ಜನರು ಅವರೇ, ಆಶ್ರಿತರೂ ಅವರೇ; ನಿಂತುಹೋದದ್ದು ಜಾಲವೊಂದೇ. ಆದಕಾರಣ ಜಾಲವು ಕನ್ನಡಿ ಮಾತ್ರವಲ್ಲ, ಬೆಂಕಿಗೆ ಬೀಸುವ ಗಾಳಿಯೂ ಆಗಬಲ್ಲದೆಂದು ತಿಳಿಯತಕ್ಕದ್ದು.

ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಪಂಡಿತರು 2018ರಲ್ಲಿ ಪ್ರಕಟಿಸಿದ ಇನ್ನೊಂದು ಪರಿಶೋಧನೆಯು, 2006ರಿಂದ 2017ರ ವರೆಗೆ ಟ್ವಿಟರಿನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರೀಕ್ಷಿಸಿತು. ಸುಳ್ಳು ಸುದ್ದಿಯನ್ನು ಜನರು ಮುಂದಕ್ಕೆ ದಾಟಿಸುವ ಸಂಭವವು ನಿಜ ಸುದ್ದಿಗಿಂತ ಶೇಕಡಾ 70ರಷ್ಟು ಹೆಚ್ಚೆಂದು ಕಂಡುಬಂತು. ಅದಕ್ಕೆ ಕಾರಣವು ಮುಖ್ಯವಾಗಿ ಯಂತ್ರಗಳಲ್ಲ, ಮನುಷ್ಯರೇ. ಸುಳ್ಳಿನಲ್ಲಿ ಹೊಸತನವೂ ಆಶ್ಚರ್ಯವೂ ಹೆಚ್ಚಾಗಿರುವದರಿಂದ ಅದನ್ನು ಹೇಳಿಬಿಡಲು ನಾಲಿಗೆಯು ತುರಿಸುತ್ತದೆ.

ಲೆಕ್ಕದ ವಿಷಯದಲ್ಲಿಯೂ ನಮ್ಮ ಊಹೆಯು ಎಷ್ಟು ತಪ್ಪಬಲ್ಲದೆಂಬದಕ್ಕೆ ಒಂದು ದೃಷ್ಟಾಂತ ಸಾಕು. ಅಮೆರಿಕದಲ್ಲಿಯೂ ಯೂರೋಪಿನ ಐದು ದೇಶಗಳಲ್ಲಿಯೂ ಅರ್ಥಶಾಸ್ತ್ರಜ್ಞರು ಜನರನ್ನು ಕೇಳಿದಾಗ, ಎಲ್ಲಾ ದೇಶಗಳವರೂ ತಮ್ಮಲ್ಲಿಗೆ ವಲಸೆ ಬಂದವರ ಸಂಖ್ಯೆಯನ್ನು ಇದ್ದದ್ದಕ್ಕಿಂತ ಬಹಳ ಹೆಚ್ಚಾಗಿ ಹೇಳಿದರು. ಅಮೆರಿಕದಲ್ಲಿ ಕಾನೂನಿನ ಪ್ರಕಾರ ಬಂದು ನೆಲೆಸಿದವರು ನೂರಕ್ಕೆ ಹತ್ತರಷ್ಟಿದ್ದರೆ, ಜನರು ಸರಾಸರಿಯಾಗಿ ಊಹಿಸಿದ್ದು ಮೂವತ್ತಾರು. ಈ ತಪ್ಪಿಗೆ ಜಾಲತಾಣಗಳೇ ಕಾರಣವೆಂದು ಹೇಳಲಾಗದು. ಆದರೆ ಮೊದಲೇ ಹೀಗೆ ಹಿಗ್ಗಿರುವ ಊಹೆಯ ಮೇಲೆ ದಿನಕ್ಕೆ ಹತ್ತು ಸಲ ಅದೇ ಬಗೆಯ ಚಿತ್ರವು ಬಿದ್ದರೆ ಅದು ಕುಗ್ಗುವ ಬಗೆಯೆಲ್ಲಿ?

ನ್ಯಾಯವಾಗಿ ಹೇಳಬೇಕಾದರೆ, ಇದೇ ಸಾಧನದಿಂದ ಕರುಣೆಯೂ ಹರಡಿದ್ದುಂಟು. 2015ರ ಸೆಪ್ಟೆಂಬರ್ 2ರಂದು ತುರ್ಕಿಯ ಸಮುದ್ರತೀರದಲ್ಲಿ ಮುಳುಗಿಸತ್ತ ಸಿರಿಯಾದ ಮಗುವೊಂದರ ಚಿತ್ರವು ಜಾಲದ ಮೂಲಕ ಲೋಕವನ್ನೆಲ್ಲಾ ಮುಟ್ಟಿತು. ಸ್ವೀಡನ್ ದೇಶದ ರೆಡ್ ಕ್ರಾಸ್ ಸಂಸ್ಥೆಯು ಆಶ್ರಿತರಿಗಾಗಿ ತೆರೆದಿದ್ದ ನಿಧಿಗೆ ಹಿಂದಿನ ವಾರ ಬರುತ್ತಿದ್ದ ದಾನಗಳ ಸಂಖ್ಯೆಯು ಮುಂದಿನ ವಾರ ನೂರು ಪಾಲಿಗೂ ಮಿಕ್ಕಿ ಹೆಚ್ಚಿತು. ಆದರೆ ಕೆಲವೇ ವಾರಗಳಲ್ಲಿ ಆ ಪ್ರವಾಹವು ಇಳಿದುಹೋಯಿತು. ನಮ್ಮ ದೇಶದಲ್ಲಿಯೂ 2020ರಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಎಲ್ಲವೂ ಮುಚ್ಚಿದಾಗ, ಹೆದ್ದಾರಿಗಳಲ್ಲಿ ಮಕ್ಕಳನ್ನು ಹೊತ್ತು ಊರಿಗೆ ನಡೆಯುತ್ತಿದ್ದ ಕೂಲಿಗಾರರನ್ನು ಅನೇಕರು ಮೊದಲು ಕಂಡದ್ದು ಕೈಯಲ್ಲಿನ ಫೋನಿನಲ್ಲಿಯೇ. ಆ ಮೇ ತಿಂಗಳಲ್ಲಿ ಕರ್ನಾಟಕ ಸರಕಾರವು ಕೂಲಿಗಾರರಿಗಾಗಿ ಗೊತ್ತಾಗಿದ್ದ ವಿಶೇಷ ರೈಲುಗಳನ್ನು ನಿಲ್ಲಿಸಬೇಕೆಂದು ಕೇಳಿಕೊಂಡಾಗ, ಪತ್ರಿಕೆಗಳಲ್ಲಿಯೂ ಜಾಲತಾಣಗಳಲ್ಲಿಯೂ ದೊಡ್ಡ ಆಕ್ಷೇಪವೆದ್ದು, ಕೆಲವೇ ದಿನಗಳಲ್ಲಿ ಸರಕಾರವು ತನ್ನ ತೀರ್ಮಾನವನ್ನು ಬದಲಾಯಿಸಿತು. ಹೀಗೆ ಕರುಣೆಗೂ ಜಾಲವು ದಾರಿಯಾಗುತ್ತದೆ. ಆದರೆ ಚಿತ್ರದಿಂದ ಹುಟ್ಟಿದ ಕರುಣೆಯು ಬೇಗನೆ ಆರುತ್ತದೆ, ಭಯವಾದರೋ ಬಹಳ ಕಾಲ ಕೂತಿರುತ್ತದೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಸರಕಾರದ ಕಾನೂನನ್ನೂ ಸಂಸ್ಥೆಗಳ ಮಿತಿಯನ್ನೂ ಕಾಯುತ್ತಾ ಕೂಡ್ರುವದು ಸಾಲದು. ತಾಯಿತಂದೆಗಳಿಗೂ ನಮ್ಮ ಸಹೋದರಿಯರಿಗೂ ಕೆಲವು ಸೂಚನೆಗಳನ್ನು ಮಾಡುತ್ತೇವೆ. ಪರಸ್ಥಳದವರನ್ನು ಕುರಿತ ಸಂದೇಶವು ಬಂದಾಗ ಅದರಲ್ಲಿ ಸ್ಥಳವೂ ತಾರೀಖೂ ಇದೆಯೋ ಎಂದು ನೋಡತಕ್ಕದ್ದು. ಇಲ್ಲದಿದ್ದರೆ ಅದನ್ನು ದಾಟಿಸಕೂಡದು. ಇದ್ದರೆ, ಹೊಣೆಗಾರರಾದ ಎರಡು ಪತ್ರಿಕೆಗಳಲ್ಲಿ ಆ ಸಂಗತಿಯು ಬಂದಿದೆಯೋ ಎಂದು ವಿಚಾರಿಸತಕ್ಕದ್ದು. ಒಬ್ಬನು ಮಾಡಿದ ಅಪರಾಧವನ್ನು ಅವನ ಊರಿನವರೆಲ್ಲರ ಮೇಲೆ ಹೊರಿಸುವ ಮಾತನ್ನು, ಅದು ನಿಜವಾದ ಅಪರಾಧವೇ ಆಗಿದ್ದರೂ, ಒಪ್ಪಕೂಡದು. ಕುಟುಂಬದ ಗುಂಪಿನಲ್ಲಿ ಹಿರಿಯರು ಸುಳ್ಳನ್ನು ತಿಳಿಯದೆ ಕಳುಹಿಸಿದರೆ, ಎಲ್ಲರೆದುರಿಗೆ ಅವರಿಗೆ ಅವಮಾನ ಮಾಡದೆ, ಪ್ರತ್ಯೇಕವಾಗಿ ಮರ್ಯಾದೆಯಿಂದ ತಿಳಿಸಿದರೆ ಅವರೇ ಅದನ್ನು ತೆಗೆದುಹಾಕುವರು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಬೀದಿಯಲ್ಲಿಯೇ ಇರುವ ಪರಸ್ಥಳದವರ ಹೆಸರನ್ನೂ ಊರನ್ನೂ ಕೇಳಿ ತಿಳುಕೊಳ್ಳೋಣ. ಅವರ ಮನೆಯ ಮಕ್ಕಳನ್ನು ಬಲ್ಲವಳಿಗೆ, ಅವರ ಮೇಲೆ ಬಂದ ಸುಳ್ಳನ್ನು ನಂಬುವದು ಕಷ್ಟವಾಗುತ್ತದೆ.

ನಮ್ಮ ಶಾಲೆಯ ಬೆಳಗಿನ ಪಾಠದಲ್ಲಿ ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಬಾಯಿಪಾಠ ಮಾಡಿದವರು ನಾವು. ಮೋವಾಬ ದೇಶದಿಂದ ಅತ್ತೆಯ ಹಿಂದೆ ಬಂದು ಪರರ ಹೊಲದಲ್ಲಿ ಹಕ್ಕಲಾಯ್ದ ರೂತಳ ಕಥೆಯನ್ನೂ, ಹೆರೋದನಿಗೆ ಹೆದರಿ ಕೂಸನ್ನೆತ್ತಿಕೊಂಡು ಐಗುಪ್ತಕ್ಕೆ ಓಡಿಹೋದ ಕುಟುಂಬದ ಕಥೆಯನ್ನೂ ಚಿಕ್ಕಂದಿನಿಂದ ಕೇಳಿದವರು. ಸುಳ್ಳುಸಾಕ್ಷಿಯನ್ನು ಹೇಳುವದಕ್ಕೆ ಆ ಕಾಲದಲ್ಲಿ ನ್ಯಾಯಸ್ಥಾನದ ವರೆಗೆ ನಡೆದುಹೋಗಬೇಕಾಗಿತ್ತು. ಈಗ ಹೆಬ್ಬೆರಳನ್ನು ಒಂದು ಸಲ ಅಲ್ಲಾಡಿಸಿದರೆ ಸಾಕು. ಆಜ್ಞೆಯು ಮಾತ್ರ ಬದಲಾಗಿಲ್ಲ. ನಮ್ಮ ಹೆಣ್ಣುಮಕ್ಕಳು ದೂರದೇಶದ ಬೀದಿಯಲ್ಲಿ ರಾತ್ರಿ ಕೆಲಸ ಮುಗಿಸಿ ನಿರ್ಭಯವಾಗಿ ಮನೆ ಸೇರಬೇಕೆಂದು ನಾವು ಪ್ರಾರ್ಥಿಸುತ್ತೇವಷ್ಟೆ. ಇನ್ನೊಬ್ಬ ತಾಯಿಯ ಮಕ್ಕಳು ನಮ್ಮ ಊರಿನ ಬೀದಿಯಲ್ಲಿ ಹಾಗೆಯೇ ಮನೆ ಸೇರುವಂತೆ ನೋಡಿಕೊಳ್ಳುವದು ನಮ್ಮ ಪಾಲಿನ ಕೆಲಸ.